ನೈನರ್ಸ್‌ನಿಂದ ಯಾರನ್ನು ಆರಿಸೋಣ? ಎರಡು ಸೀಸನ್ ಆಡಿಸಿ ನೋಡಿದ ಹೋಲಿಕೆ

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ಸನಿವೇಲ್, ಸಾಂತಾ ಕ್ಲಾರಾ ಕಡೆಯ ಆಫೀಸುಗಳಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫ್ಯಾಂಟಸಿ ಡ್ರಾಫ್ಟ್‌ನದೇ ಮಾತು. ಇಲ್ಲಿರುವ ಕನ್ನಡಿಗರಲ್ಲೂ ಎಷ್ಟೋ ಜನ ಆಡುತ್ತಾರೆ. ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ನಮ್ಮೂರ ತಂಡದಿಂದ ಯಾರನ್ನು ತೆಗೆದುಕೊಳ್ಳಲಿ? ನಮ್ಮೂರ ತಂಡ ಅಂದರೆ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್, ಚಿಕ್ಕದಾಗಿ ನೈನರ್ಸ್. ಹೆಸರು ಸ್ಯಾನ್ ಫ್ರಾನ್ಸಿಸ್ಕೊದ್ದು, ಆದರೆ 2014ರಿಂದ ಆಡುತ್ತಿರುವುದು ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ.

ನಾನು ಎರಡು ಫ್ಯಾಂಟಸಿ ಲೀಗ್ ಆಡುತ್ತೇನೆ. ಒಂದು ಆಫೀಸಿನದು, ಇನ್ನೊಂದು ಗೆಳೆಯರದು. 2023 ಮತ್ತು 2024ರಲ್ಲಿ ಈ ತಂಡದ ದೊಡ್ಡ ಹೆಸರುಗಳೆಲ್ಲ ಒಂದಲ್ಲ ಒಂದು ಲೀಗ್‌ನಲ್ಲಿ ನನ್ನ ಕೈಯಲ್ಲಿದ್ದವು. ಹಾಗಾಗಿ ಭಾನುವಾರ ಭಾನುವಾರ ಅವರನ್ನು ಅಕ್ಕಪಕ್ಕ ಇಟ್ಟು ನೋಡಲು ಆಯಿತು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ನಿಜವಾದ ಆಟಗಾರರನ್ನು ಆರಿಸಿ ನಮ್ಮದೊಂದು ತಂಡ ಕಟ್ಟುತ್ತೇವೆ, ಅವರು ನಿಜವಾದ ಪಂದ್ಯದಲ್ಲಿ ಆಡಿದ್ದಕ್ಕೆ ನಮಗೆ ಅಂಕ. ಡ್ರೀಮ್11 ಥರ ಒಬ್ಬನೇ ಆಟಗಾರನನ್ನು ಎಲ್ಲರೂ ಇಟ್ಟುಕೊಳ್ಳುವ ಹಾಗಿಲ್ಲ. ಡ್ರಾಫ್ಟ್‌ನಲ್ಲಿ ಸುತ್ತು ಸುತ್ತಾಗಿ, ಸರದಿ ಪ್ರಕಾರ ಆರಿಸಬೇಕು. ಒಂದೊಂದು ಆಯ್ಕೆಗೆ ಪಿಕ್ ಎನ್ನುತ್ತಾರೆ. ಒಬ್ಬರು ಎತ್ತಿಕೊಂಡರೆ, ಅವರೇ ಬಿಡುವವರೆಗೆ ಆ ಆಟಗಾರ ಅವರ ಪಾಲು. ನಮ್ಮ ಎರಡೂ ಲೀಗ್‌ನಲ್ಲಿ ಪಿಪಿಆರ್ ಲೆಕ್ಕ: ಪ್ರತಿ ಕ್ಯಾಚಿಗೆ 1 ಅಂಕ, ಓಡಿದ ಅಥವಾ ಹಿಡಿದ ಪ್ರತಿ 10 ಯಾರ್ಡಿಗೆ 1, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ) 6. ಈ ಬರಹದ ಅಂಕಗಳೆಲ್ಲ ಇದೇ ಲೆಕ್ಕದವು.

ನೈನರ್ಸ್ ವಿಷಯದಲ್ಲಿ ತಲೆನೋವು ಏನೆಂದರೆ, ಒಳ್ಳೆಯವರು ಜಾಸ್ತಿ, ಚೆಂಡು ಒಂದೇ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಬ್ರಾಕ್ ಪರ್ಡಿ ಇಡೀ ಸೀಸನ್‌ಗೆ ಎಸೆದದ್ದು 444 ಪಾಸ್, ಅಂದರೆ ಪಂದ್ಯಕ್ಕೆ 28ರಷ್ಟು. ಇದು ಕಡಿಮೆ. ಅಷ್ಟರಲ್ಲೇ ನಾಲ್ಕು ಜನಕ್ಕೆ ಹಂಚಬೇಕು: ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ, ವೈಡ್ ರಿಸೀವರ್‌ಗಳಾದ (ಎಸೆದ ಪಾಸ್ ಹಿಡಿಯುವವರು) ಡೀಬೋ ಸ್ಯಾಮ್ಯುಯೆಲ್, ಬ್ರ್ಯಾಂಡನ್ ಅಯ್ಯುಕ್, ಮತ್ತೆ ಜಾರ್ಜ್ ಕಿಟಲ್. ಆ ವರ್ಷ ನಾಲ್ವರೂ ಓಡಿದ್ದು, ಹಿಡಿದದ್ದು ಸೇರಿ ತಲಾ 1,000 ಯಾರ್ಡ್ ದಾಟಿದರು. ಟಿವಿಯಲ್ಲಿ ನೋಡಲು ಹಬ್ಬ. ಆದರೆ ಇವರಲ್ಲಿ ಒಬ್ಬರನ್ನು ನಂಬಿ ವಾರ ವಾರ ತಂಡ ಇಳಿಸುವವರಿಗೆ ಬೇಕಾದದ್ದು ಬೇರೆ. ಉಳಿದ ಮೂವರು ಏನೇ ಮಾಡಲಿ, ಯಾರ ಕೈಗೆ ಚೆಂಡು ಬಂದೇ ಬರುತ್ತದೆ? ನನ್ನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಮೆಕ್‌ಕ್ಯಾಫ್ರಿ

2023ರಲ್ಲಿ ಇವನನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. 1,459 ಯಾರ್ಡ್ ಓಡಿ ಎನ್‌ಎಫ್‌ಎಲ್‌ನಲ್ಲೇ ಮೊದಲು ಬಂದ. 67 ಕ್ಯಾಚ್, 564 ಯಾರ್ಡ್ ಬೇರೆ. ಟಚ್‌ಡೌನ್ 21. ಎಲ್ಲ ಕೂಡಿಸಿದರೆ 390 ಅಂಕ ದಾಟುತ್ತದೆ. ಆಡಿದ್ದು 16 ಪಂದ್ಯ, ಚೆಂಡು ಕೈಗೆ ಬಂದದ್ದು 339 ಸಲ. ಪಂದ್ಯಕ್ಕೆ 21 ಸಲ! ಕೋಚ್ ಕೈಲ್ ಶಾನಹಾನ್ ಇವನನ್ನು ಮೈದಾನದಿಂದ ಆಚೆ ಕರೆಯುವುದೇ ಅಪರೂಪ. ಆಫೀಸಿನ ಲೀಗ್‌ನಲ್ಲಿ ನನ್ನ ಬಳಿ ಇವನಿದ್ದ. ವಾರದ ಕೆಟ್ಟ ಪಂದ್ಯ ಅಂದರೂ ಬೇರೆಯವರ ಸಾಧಾರಣ ಪಂದ್ಯಕ್ಕೆ ಸಮ.

ಇದು ಚೆನ್ನಾಗಿ ಕಂಡದ್ದು ಆ ವರ್ಷದ ಕ್ರಿಸ್‌ಮಸ್ ರಾತ್ರಿ. ಬಾಲ್ಟಿಮೋರ್ ರೇವನ್ಸ್ ವಿರುದ್ಧ ಪಂದ್ಯ, ನಮ್ಮ ಫ್ಯಾಂಟಸಿ ಲೀಗ್‌ಗೆ ಸೆಮಿಫೈನಲ್ ವಾರ. ಪರ್ಡಿ ನಾಲ್ಕು ಪಾಸ್‌ಗಳನ್ನು ಎದುರಾಳಿ ಕೈಗೆ ಕೊಟ್ಟ. ತಂಡ 33-19ರಲ್ಲಿ ಸೋತಿತು. ಆದರೂ ಮೆಕ್‌ಕ್ಯಾಫ್ರಿ 103 ಯಾರ್ಡ್ ಓಡಿ ಒಂದು ಟಚ್‌ಡೌನ್ ಹಾಕಿದ. ತಂಡ ಕುಸಿದ ದಿನವೂ ಅಂಕ ಕೊಡುವವನು ಇಂಥವನು.

ಆಮೇಲೆ 2024. ಬಹುಪಾಲು ಡ್ರಾಫ್ಟ್‌ಗಳಲ್ಲಿ ಮೊದಲ ಪಿಕ್ ಇವನೇ. ಎರಡೂ ಕಾಲಿನ ಅಕಿಲೀಸ್ ಸ್ನಾಯುರಜ್ಜು ನೋವಿನಿಂದ ಮೊದಲ ಎಂಟು ಪಂದ್ಯ ಆಡಲೇ ಇಲ್ಲ. ವಾಪಸು ಬಂದು ನಾಲ್ಕು ಪಂದ್ಯ ಆಡಿದ, ಬಫಲೋದ ಹಿಮದಲ್ಲಿ ಮೊಣಕಾಲು ಪೆಟ್ಟಾಗಿ ಸೀಸನ್ ಮುಗಿಯಿತು. ಒಟ್ಟು ಓಡಿದ್ದು 202 ಯಾರ್ಡ್. ಓಡಿ ಹಾಕಿದ ಟಚ್‌ಡೌನ್ ಒಂದೂ ಇಲ್ಲ. 339 ಸಲ ಪೆಟ್ಟು ತಿಂದ ಮೈ ಮುಂದಿನ ವರ್ಷ ಲೆಕ್ಕ ಕೇಳುತ್ತದೆ ಎಂಬ ಮಾತು ಇಲ್ಲಿ ಹಳೆಯದು. ಪೂರ್ತಿ ಒಪ್ಪುವುದಿಲ್ಲ, ಆದರೆ ರನ್ನಿಂಗ್ ಬ್ಯಾಕ್ ಆರಿಸುವಾಗ ಹಿಂದಿನ ವರ್ಷದ ಈ ಸಂಖ್ಯೆ ನೋಡದೆ ನಾನು ಪಿಕ್ ಮಾಡುವುದಿಲ್ಲ.

ಮೇಸನ್, ಅಂದರೆ ಎರಡನೇ ಸಾಲಿನವನು

ಇಲ್ಲೇ ಈ ತಂಡದ ಗುಟ್ಟು ಇರುವುದು. ಶಾನಹಾನ್ ವ್ಯವಸ್ಥೆಯಲ್ಲಿ ಓಡುವವನು ಯಾರಾದರೂ ಯಾರ್ಡ್ ಬರುತ್ತದೆ. 2021ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ (ನಿಜವಾದ ತಂಡಗಳು ಹೊಸ ಆಟಗಾರರನ್ನು ಆರಿಸುವುದು) ಆರನೇ ಸುತ್ತಿನಲ್ಲಿ ಬಂದ ಹೊಸ ಹುಡುಗ ಇಲೈಜಾ ಮಿಚೆಲ್ 963 ಯಾರ್ಡ್ ಓಡಿದ್ದ. 2024ರ ಮೊದಲ ಪಂದ್ಯ ಸೋಮವಾರ ರಾತ್ರಿ, ಜೆಟ್ಸ್ ವಿರುದ್ಧ. ಆಟ ಶುರುವಾಗುವ ಸ್ವಲ್ಪ ಮುಂಚೆ ಮೆಕ್‌ಕ್ಯಾಫ್ರಿ ಆಡುವುದಿಲ್ಲ ಎಂದರು. ಅವನ ಜಾಗಕ್ಕೆ ಬಂದ ಜೋರ್ಡನ್ ಮೇಸನ್ 28 ಸಲ ಓಡಿ 147 ಯಾರ್ಡ್, ಒಂದು ಟಚ್‌ಡೌನ್. ಗೆಳೆಯರ ಲೀಗ್‌ನಲ್ಲಿ ಕೊನೆಯ ಸುತ್ತುಗಳಲ್ಲಿ ಅವನನ್ನು ಎತ್ತಿಟ್ಟಿದ್ದೆ. ಮೊದಲ ಪಿಕ್ ಕೊಟ್ಟು ಮೆಕ್‌ಕ್ಯಾಫ್ರಿಯನ್ನು ಕೊಂಡವರಿಗಿಂತ, ಬಹುತೇಕ ಏನೂ ಕೊಡದ ನನಗೆ ಆ ತಿಂಗಳು ಜಾಸ್ತಿ ಅಂಕ ಬಂತು. ಮೇಸನ್ ಗಾಯಗೊಂಡು ಹೊರಗೆ ಹೋಗುವ ಹೊತ್ತಿಗೆ 789 ಯಾರ್ಡ್ ಆಗಿತ್ತು.

ಆದರೆ ಮೇಸನ್ ಮತ್ತು ಮೆಕ್‌ಕ್ಯಾಫ್ರಿ ನಡುವೆ ಒಂದು ವ್ಯತ್ಯಾಸ ಮರೆಯಬಾರದು. ಮೇಸನ್ ಕ್ಯಾಚ್ ಹಿಡಿಯುವುದು ಬಹಳ ಕಡಿಮೆ. ಪಿಪಿಆರ್‌ನಲ್ಲಿ ಅದು ದೊಡ್ಡ ಕೊರತೆ. ಓಟ ಕಟ್ಟಿಹೋದ ದಿನ ಅವನ ಅಂಕವೂ ಅಲ್ಲೇ ನಿಲ್ಲುತ್ತದೆ. ಮೆಕ್‌ಕ್ಯಾಫ್ರಿಗೆ ಓಟ ಕೈಕೊಟ್ಟರೆ ಕ್ಯಾಚ್ ಇದೆ.

ಅಯ್ಯುಕ್, ಡೀಬೋ ಅಕ್ಕಪಕ್ಕ

ಅತಿ ಜಾಸ್ತಿ ವಾದ ನಡೆಯುವುದು ಇವರಿಬ್ಬರ ಬಗ್ಗೆ. 2023ರಲ್ಲಿ ನಮ್ಮ ಲೀಗ್‌ಗಳಲ್ಲಿ ಡೀಬೋ ಮೊದಲು ಹೋದ, ಅಯ್ಯುಕ್ ಎರಡು ಸುತ್ತು ತಡವಾಗಿ. ಕಾರಣ 2021. ಆ ವರ್ಷ ಡೀಬೋ 1,405 ಯಾರ್ಡ್ ಹಿಡಿದಿದ್ದಲ್ಲದೆ ರನ್ನಿಂಗ್ ಬ್ಯಾಕ್ ಜಾಗದಲ್ಲಿ ನಿಂತು ಓಡಿ 8 ಟಚ್‌ಡೌನ್ ಹಾಕಿದ್ದ. ಅಂಥ ವೈಡ್ ರಿಸೀವರ್ ಬೇರೆ ಇರಲಿಲ್ಲ. ಆದರೆ 2022ರ ಅಕ್ಟೋಬರ್‌ನಲ್ಲಿ ಕ್ಯಾರೊಲಿನಾದಿಂದ ಮೆಕ್‌ಕ್ಯಾಫ್ರಿ ಬಂದ. ಡೀಬೋ ಮಾಡುತ್ತಿದ್ದ ಓಟದ ಕೆಲಸ ಬಹುಪಾಲು ಅವನ ಕೈಗೆ ಹೋಯಿತು. ಹಳೆಯ ಡೀಬೋಗೆ ಬೆಲೆ ಕೊಟ್ಟವರು ಈ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

2023ರ ಕೊನೆಗೆ ಅಯ್ಯುಕ್: 75 ಕ್ಯಾಚ್, 1,342 ಯಾರ್ಡ್, 7 ಟಚ್‌ಡೌನ್. ಡೀಬೋ: 60 ಕ್ಯಾಚ್, 892 ಯಾರ್ಡ್, ಹಿಡಿದು 7 ಮತ್ತು ಓಡಿ 5 ಟಚ್‌ಡೌನ್. ಒಟ್ಟು ಅಂಕ ಇಬ್ಬರದೂ 240-250ರ ಆಸುಪಾಸು. ಕಾಗದದ ಮೇಲೆ ಸಮ. ಆಡಿಸಿ ನೋಡಿದರೆ ಸಮ ಅಲ್ಲ. ಡೀಬೋ ಅಂಕದಲ್ಲಿ 72 ಟಚ್‌ಡೌನ್‌ನಿಂದಲೇ ಬಂದದ್ದು, ಅದೂ ಗೊಂಚಲು ಗೊಂಚಲಾಗಿ. ಫಿಲಡೆಲ್ಫಿಯಾದಲ್ಲಿ ಈಗಲ್ಸ್ ವಿರುದ್ಧ ನಾಲ್ಕೇ ಕ್ಯಾಚ್‌ನಲ್ಲಿ 116 ಯಾರ್ಡ್, ಒಟ್ಟು ಮೂರು ಟಚ್‌ಡೌನ್. ಆ ವಾರ ಅವನು ಒಬ್ಬನೇ ಪಂದ್ಯ ಗೆಲ್ಲಿಸಿಕೊಟ್ಟ. ಅಂಥ ವಾರಕ್ಕಾಗಿ ಎಷ್ಟು ಸಪ್ಪೆ ವಾರ ಕಾಯಬೇಕು ಅನ್ನುವುದು ಅವನನ್ನು ಇಟ್ಟುಕೊಂಡವರಿಗೆ ಗೊತ್ತು. ಅಯ್ಯುಕ್ ಅಂಕ ಯಾರ್ಡ್‌ನಿಂದ ಬರುತ್ತದೆ. ಕ್ರಿಸ್‌ಮಸ್ ರಾತ್ರಿ ಪರ್ಡಿ ಅಷ್ಟು ಕೆಟ್ಟದಾಗಿ ಆಡಿದಾಗಲೂ ಅಯ್ಯುಕ್ 113 ಯಾರ್ಡ್ ಹಿಡಿದ. ನಾನು ಅಯ್ಯುಕ್ ಕಡೆಯವನು, ಇವತ್ತಿಗೂ.

2024 ಇಬ್ಬರಿಗೂ ಕೆಟ್ಟ ವರ್ಷ. ಕಾಂಟ್ರ್ಯಾಕ್ಟ್ ಮಾತುಕತೆಯಲ್ಲಿ ಅಯ್ಯುಕ್ ಟ್ರೇನಿಂಗ್ ಕ್ಯಾಂಪಿನ ಅಭ್ಯಾಸವನ್ನೇ ಬಿಟ್ಟ. ಸೀಸನ್ ಶುರುವಾದಾಗ ಪರ್ಡಿ ಜೊತೆಗಿನ ಹೊಂದಾಣಿಕೆ ತಪ್ಪಿತ್ತು. ಏಳನೇ ಪಂದ್ಯದಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಅಲ್ಲಿಯವರೆಗೆ 374 ಯಾರ್ಡ್, ಟಚ್‌ಡೌನ್ ಸೊನ್ನೆ. ಅದರಿಂದ ನಾನು ಹಾಕಿಕೊಂಡ ನಿಯಮ: ಕ್ಯಾಂಪಿನಲ್ಲಿ ಅಭ್ಯಾಸ ಮಾಡದ ರಿಸೀವರ್‌ನನ್ನು ಲೀಗ್‌ನಲ್ಲಿ ಸಾಮಾನ್ಯವಾಗಿ ಹೋಗುವ ಸುತ್ತಿಗಿಂತ ಎರಡು ಸುತ್ತು ಕೆಳಗೆ ಸಿಕ್ಕಿದರೆ ಮಾತ್ರ ತೆಗೆದುಕೊಳ್ಳುವುದು. ಡೀಬೋ ಹಿಡಿದದ್ದು 670 ಯಾರ್ಡ್, 3 ಟಚ್‌ಡೌನ್‌ಗೆ ಇಳಿಯಿತು. 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋದ.

2024ರಲ್ಲಿ ಇಬ್ಬರೂ ಬಿಟ್ಟ ಜಾಗ ತುಂಬಿದ್ದು ಇನ್ನೊಬ್ಬ ರಿಸೀವರ್ ಜವಾನ್ ಜೆನ್ನಿಂಗ್ಸ್. 2020ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ತಂಡಕ್ಕೆ ಬಂದವನು. ರ‍್ಯಾಮ್ಸ್ ವಿರುದ್ಧ 11 ಕ್ಯಾಚ್, 175 ಯಾರ್ಡ್, 3 ಟಚ್‌ಡೌನ್ ಹೊಡೆದ ವಾರ ನಮ್ಮ ಲೀಗ್‌ನಲ್ಲಿ ಅವನು ಯಾರ ತಂಡದಲ್ಲೂ ಇರಲಿಲ್ಲ. ಸೀಸನ್ ಮುಗಿದಾಗ 77 ಕ್ಯಾಚ್, 975 ಯಾರ್ಡ್. ಅದೇ ಚೆಂಡು, ಕೈ ಮಾತ್ರ ಬೇರೆ.

ಕಿಟಲ್

ಕಿಟಲ್ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಅವನು ಟೈಟ್ ಎಂಡ್. ಪಾಸ್ ಹಿಡಿಯುವುದರ ಜೊತೆಗೆ ಅವನ ಅರ್ಧ ಕೆಲಸ ಎದುರಾಳಿಯನ್ನು ತಡೆಯುವುದು, ಅದನ್ನು ಅವನಷ್ಟು ಖುಷಿಯಾಗಿ ಮಾಡುವವರಿಲ್ಲ. ಆದರೆ ತಡೆಯುವುದಕ್ಕೆ ಫ್ಯಾಂಟಸಿಯಲ್ಲಿ ಅಂಕ ಇಲ್ಲ. 2023ರ ಎರಡು ವಾರ ನೋಡಿ. ಅರಿಜೋನಾ ವಿರುದ್ಧ ಒಂದು ಕ್ಯಾಚ್, 9 ಯಾರ್ಡ್: 1.9 ಅಂಕ. ಅದೇ ದಿನ ಮೆಕ್‌ಕ್ಯಾಫ್ರಿ ನಾಲ್ಕು ಟಚ್‌ಡೌನ್, ಅಯ್ಯುಕ್ 148 ಯಾರ್ಡ್. ಮುಂದಿನ ವಾರ ಡಲ್ಲಾಸ್ ವಿರುದ್ಧ ಕಿಟಲ್‌ಗೆ ಮೂರೇ ಕ್ಯಾಚ್, ಮೂರೂ ಟಚ್‌ಡೌನ್: 27.7 ಅಂಕ. ಇವನನ್ನು ಬೆಂಚಿನಲ್ಲಿ ಕೂರಿಸುವ ಯೋಚನೆ ಬಂದಾಗ ಈ ಎರಡು ವಾರ ನೆನಪಿಸಿಕೊಳ್ಳಿ. ಮುಂಚೆ ಊಹಿಸಲು ಆಗುವುದಿಲ್ಲ. ಇಟ್ಟುಕೊಂಡರೆ ಪ್ರತಿ ವಾರ ಆಡಿಸಬೇಕು, ಅಷ್ಟೇ.

ಆದರೂ ಊಹೆಗೆ ಸಿಗುವ ಒಂದು ವಿಷಯ ಇದೆ. ಉಳಿದವರಲ್ಲಿ ಒಬ್ಬರು ಹೊರಗೆ ಕೂತರೆ ಕಿಟಲ್ ಪಾಲು ಏರುತ್ತದೆ. ಡೀಬೋ ಗಾಯದಿಂದ ಕೂತಿದ್ದಾಗ ಸಿನ್ಸಿನಾಟಿ ವಿರುದ್ಧ ಕಿಟಲ್ 9 ಕ್ಯಾಚ್, 149 ಯಾರ್ಡ್. 2024ರಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಗೆ ಹೋದಾಗ ಕಿಟಲ್ 78 ಕ್ಯಾಚ್, 1,106 ಯಾರ್ಡ್, 8 ಟಚ್‌ಡೌನ್. 236 ಅಂಕ. ಇಷ್ಟು ಅಂಕದ ವೈಡ್ ರಿಸೀವರ್ ಹುಡುಕಿದರೆ ಸಿಗುತ್ತಾರೆ. ಇಷ್ಟು ಅಂಕದ ಟೈಟ್ ಎಂಡ್ ಎನ್‌ಎಫ್‌ಎಲ್‌ಗೆಲ್ಲ ಎರಡು ಮೂರು ಜನ. ಅದಕ್ಕೇ ಅವನ ಬೆಲೆಯನ್ನು ಅಯ್ಯುಕ್ ಜೊತೆ ಹೋಲಿಸಬಾರದು, ನಿಮಗೆ ಸಿಗಬಹುದಾದ ಮುಂದಿನ ಟೈಟ್ ಎಂಡ್ ಜೊತೆ ಹೋಲಿಸಬೇಕು.

ಪರ್ಡಿ ಬಗ್ಗೆ ಚಿಕ್ಕದಾಗಿ. 2022ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೆಯವನು. 2023ರಲ್ಲಿ 4,280 ಯಾರ್ಡ್, 31 ಟಚ್‌ಡೌನ್. ಮರುವರ್ಷ ಟಚ್‌ಡೌನ್ 20ಕ್ಕೆ ಇಳಿಯಿತು, ಆದರೆ ತಾನೇ ಓಡಿ 5 ಹಾಕಿದ. ಕ್ವಾರ್ಟರ್‌ಬ್ಯಾಕ್‌ಗಳು ತಡವಾಗಿಯೂ ಸಿಗುತ್ತಾರೆ, ಇವನಿಗಾಗಿ ಅವಸರ ಬೇಡ.

2025ರ ಆಗಸ್ಟ್‌ನ ಡ್ರಾಫ್ಟ್‌ಗೆ ನನ್ನ ಸಾಲು ಹೀಗಿತ್ತು. ಮೆಕ್‌ಕ್ಯಾಫ್ರಿಗೆ ಆಗ 29 ವರ್ಷ, ಕ್ಯಾಂಪಿನಲ್ಲಿ ಆಡುತ್ತಿದ್ದ. ಮೊದಲ ಸುತ್ತಿನ ಕೊನೆಯಲ್ಲಿ ಸಿಕ್ಕಿದರೆ ತೆಗೆದುಕೊಳ್ಳುವುದು, ಮೊದಲ ಮೂರು ಪಿಕ್‌ನಲ್ಲಿ ಅಲ್ಲ. ತೆಗೆದುಕೊಂಡರೆ ಅವನ ಹಿಂದಿನ ಸಾಲಿನವನೂ ನನಗೇ ಬೇಕಿತ್ತು. ಮೇಸನ್ ಮಿನೆಸೋಟಾಗೆ ಹೋಗಿದ್ದ, ಆ ಜಾಗಕ್ಕೆ ವಾಷಿಂಗ್ಟನ್‌ನಿಂದ ಬ್ರಯನ್ ರಾಬಿನ್ಸನ್ ಬಂದಿದ್ದ. ಕಿಟಲ್‌ಗೆ ನಾಲ್ಕನೇ ಸುತ್ತು ಕೊಡಲು ಸಿದ್ಧನಿದ್ದೆ. ಜೆನ್ನಿಂಗ್ಸ್, ಇನ್ನೊಬ್ಬ ರಿಸೀವರ್ ರಿಕ್ಕಿ ಪಿಯರ್ಸಲ್ ಇಬ್ಬರಲ್ಲಿ ಯಾರು ತಡವಾಗಿ ಉಳಿಯುತ್ತಾರೋ ಅವನು. ಅಯ್ಯುಕ್ ಮೊಣಕಾಲು ಇನ್ನೂ ಮಾಗುತ್ತಿತ್ತು, ಅವನನ್ನು ಕೊನೆಯ ಸುತ್ತಿಗೆ ಬಿಟ್ಟಿದ್ದೆ.

ಮತ್ತೆ, ಈ ತಂಡದಿಂದ ಮೂವರನ್ನು ಒಟ್ಟಿಗೆ ಆರಿಸುವ ಮುಂಚೆ ಕ್ಯಾಲೆಂಡರ್ ತೆಗೆಯಿರಿ. 2025ರಲ್ಲಿ ನೈನರ್ಸ್‌ಗೆ ಪಂದ್ಯವಿಲ್ಲದ ರಜೆಯ ವಾರ 14ನೆಯದಾಗಿತ್ತು. ಬಹಳಷ್ಟು ಲೀಗ್‌ಗಳಲ್ಲಿ ಪ್ಲೇಆಫ್‌ಗೆ ಮುಂಚಿನ ಕೊನೆಯ ವಾರ ಅದು. ಅಂಥ ವಾರ ಗೆದ್ದೇ ತೀರಬೇಕಾದ ಸ್ಥಿತಿ ಬಂದರೆ ಮೂವರೂ ಒಟ್ಟಿಗೆ ಕೂತಿರುತ್ತಾರೆ. ಇಬ್ಬರು ಸಾಕು.