ಕಾರವಾರದ ಹಳೇ ಹೋಟ್ಲು ಅಂತ ನಂಬಿ ಹೋಗಬೇಡಿ, ಮೊದಲು ರೇಟು ಕೇಳಿ

ಮಳೆಗಾಲದಲ್ಲಿ ಕಾರವಾರಕ್ಕೆ ಬಂದು ಮೀನೂಟ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟು ಇನ್ನೂ ಇಳಿದಿಲ್ಲ. ಬರೆದದ್ದು ಹಿಂದುಮುಂದಾದರೆ ಸುಧಾರಿಸಿಕೊಳ್ಳಿ.

ಹೋಟೆಲಿನ ಹೆಸರು ಹಾಕುವುದಿಲ್ಲ. ಕಾರವಾರದಲ್ಲಿ ಕಾಲೇಜು ಕಲಿತವರಿಗೆಲ್ಲ ಇಂಥದೊಂದು ಖಾನಾವಳಿ ಇದ್ದೇ ಇರುತ್ತದೆ. ಗಲ್ಲಾದಲ್ಲಿ ಯಜಮಾನರು ಕೂತಿರುತ್ತಿದ್ದರು. ಮೀನು ಹೇಳಿದರೆ ಮಸಾಲೆ ಸವರಿದ ತುಂಡುಗಳನ್ನು ತಾಟಿನಲ್ಲಿಟ್ಟು ತಂದು ತೋರಿಸುವರು, ಇದಕ್ಕಿಷ್ಟು ಅದಕ್ಕಿಷ್ಟು ಅನ್ನುವರು, ನಾವು ಬೆರಳು ತೋರಿಸಿದ್ದೇ ಹೆಂಚಿಗೆ ಹೋಗುವುದು. ಒಳ್ಳೆಯ ಇಸ್ವಾಣ (ಅಂಜಲ್ ಮೀನು) ಬರದ ದಿನ "ಇವತ್ತು ಬೇಡ, ಬಂಗಡೆ ತಗೊ" ಎಂದು ಅವರೇ ಹೇಳುತ್ತಿದ್ದರು. ಆ ನಂಬಿಕೆಯಿಂದಲೇ ಜುಲೈನಲ್ಲಿ ಹುಬ್ಬಳ್ಳಿಯಿಂದ ಬಂದ ಬೀಗರನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಬೋರ್ಡು ಅದೇ. ಒಳಗೆ ಎಸಿ, ಹೊಸ ಮೇಜು. ಆಗಲಿ, ಅದಕ್ಕೇನೂ ಬೇಜಾರಿಲ್ಲ. ಮೆನುವಿನಲ್ಲಿ ಮೀನಿನ ಮುಂದೆ ಮಾತ್ರ ರೇಟೇ ಇಲ್ಲ, "ಸೈಜಿನ ಮೇಲೆ" ಎಂದಷ್ಟೇ ಇತ್ತು. ಇಸ್ವಾಣ ತಾಜಾ ಉಂಟಾ ಎಂದು ಕೇಳಿದೆ. "ಬೆಳಿಗ್ಗೆಯಷ್ಟೇ ಬೋಟಿಂದ ಬಂದದ್ದು ಸಾರ್" ಅಂದ ಸಪ್ಲೈಯರ್. ತುಂಡಿಗೆ ಎಷ್ಟು ಎಂದೆ. "ನೋಡಿ ಹಾಕ್ತೇವೆ ಸಾರ್, ನಿಮಗೆಂತ ಹೆಚ್ಚು ಹಾಕ್ತೇವಾ?" ತಂದು ತೋರಿಸು ಎಂದರೆ, "ಈಗ ಒಳಗೆ ರಶ್ ಉಂಟು". ಇದ್ದದ್ದು ನಮ್ಮದು ಬಿಟ್ಟರೆ ಇನ್ನೆರಡು ಮೇಜಿನ ಜನ!

ಬೆಳಿಗ್ಗೆ ಬೋಟಿಂದ ಬಂತಂತೆ. ಜುಲೈನಲ್ಲಿ! ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತ್ಕೋಲ್ ಬಂದರಿನಲ್ಲಿ ಬೋಟುಗಳೆಲ್ಲ ಹಗ್ಗ ಕಟ್ಟಿಸಿಕೊಂಡು ನಿಂತಿದ್ದನ್ನು ಬರುವಾಗ ಬೀಗರಿಗೆ ನಾನೇ ತೋರಿಸಿದ್ದೆ. ದಂಡೆಯ ಹತ್ತಿರ ನಾಡದೋಣಿಯವರು ಹಿಡಿಯುತ್ತಾರೆ, ಹೌದು. ಆದರೆ ಅಂಗೈ ಅಗಲದ ತುಂಡು ಬರುವ ಇಸ್ವಾಣ ಅಲ್ಲಿ ದಿನಾ ಎಲ್ಲಿ ಸಿಗುತ್ತದೆ? ಆ ಮಾತನ್ನೇ ಅವನಿಗೆ ಹೇಳಿದೆ. "ನಮ್ಮ ಬೋಟು ಬೇರೆ ಸಾರ್" ಎಂದು ಒಳಗೆ ನಡೆದ.

ಬಂದ ತುಂಡನ್ನು ಬೆರಳಲ್ಲಿ ಒತ್ತಿದರೆ ರವೆಯ ಅಡಿಯಿಂದ ನೀರು ಒಸರಿತು. ಮುಳ್ಳಿನ ಹತ್ತಿರ ಮಾಂಸ ಬೂದು ಬಣ್ಣ. ಬಾಯಿಗಿಟ್ಟರೆ ಹಿಂಜಿದ ಹತ್ತಿಯ ಹಾಗೆ, ರುಚಿಯೇ ಇಲ್ಲ. ಐಸಿನಲ್ಲಿ ವಾರಗಟ್ಟಲೆ ಬಿದ್ದ ಮೀನು ಎಂದು ಕರಾವಳಿಯ ಸಣ್ಣ ಮಕ್ಕಳೂ ಹೇಳುತ್ತಾರೆ. ಸೋಲ್‌ಕಡಿ ಅಂತೂ ಐಸ್‌ಕ್ಯಾಂಡಿ ಬಣ್ಣ. ತೆಂಗಿನ ಹಾಲಿಗೆ ಮುರುಗಲು ಹಿಂಡಿದರೆ ಆ ಬಣ್ಣ ಬರುವುದೇ ಇಲ್ಲ. ಬೀಗರು ಒಳ್ಳೆಯವರು, "ಚಲೋ ಐತಿ ಬಿಡ್ರಿ" ಎಂದು ತಲೆ ಬಗ್ಗಿಸಿ ಉಂಡರು. ಮಗಳನ್ನು ಕೊಟ್ಟ ಮನೆಯವರ ಎದುರು ನನಗೆ ತುತ್ತು ಇಳಿಯಲಿಲ್ಲ.

ಬಿಲ್ಲು ಬಂತು. ಊಟ ನಾಲ್ಕು, 880. ಇಸ್ವಾಣ ತುಂಡು ನಾಲ್ಕು, ತುಂಡಿಗೆ 680ರಂತೆ 2720. ಅದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ 360, ಆಮೇಲೆ ಜಿಎಸ್‌ಟಿ 198. ಒಟ್ಟು 4158. ಜಿಎಸ್‌ಟಿ ಹಿಡಿದಿದ್ದಾರೆ, ಜಿಎಸ್‌ಟಿ ನಂಬರ್ ಎಲ್ಲೂ ಇಲ್ಲ!

ಗಲ್ಲಾಕ್ಕೆ ಹೋದೆ. ಕೂತವನು ಯಾರೋ ಹುಡುಗ, ತಲೆ ಎತ್ತಲಿಲ್ಲ. ಸರ್ವಿಸ್ ಚಾರ್ಜ್ ತೆಗೆಯಿರಿ ಎಂದೆ. "ಕಂಪ್ಯೂಟರಲ್ಲೇ ಬರ್ತದೆ, ತೆಗೀಲಿಕ್ಕೆ ಆಗೂದಿಲ್ಲ." ನಂಬರ್ ಎಲ್ಲಿ? "ಆಡಿಟರಿಗೆ ಕೇಳಬೇಕು." ಮೀನು ತಾಜಾ ಅಲ್ಲವಲ್ಲ? "ತಿಂದಾಯ್ತಲ್ಲ ಸಾರ್." ಹೀಗೇ ಅಂದ, ತಿಂದಾಯ್ತಲ್ಲ ಎಂದು! ಯಜಮಾನರನ್ನು ಕರೆಯಿರಿ ಎಂದಾಗ ಸಂಗತಿ ಹೊರಬಿತ್ತು. ಅವರು ಜಾಗವನ್ನು ಬಾಡಿಗೆಗೆ ಕೊಟ್ಟು ಬಿಟ್ಟು ಹೋಗಿದ್ದಾರಂತೆ. ಅಡುಗೆಯವರೂ ಬೇರೆ, ನಡೆಸುವವರೂ ಬೇರೆ. ಹಾಗಾದರೆ ಹಳೇ ಹೆಸರು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೊಂಕಣಿಯಲ್ಲೇ ಕೇಳಿದೆ. ಅವನು ಕನ್ನಡದಲ್ಲಿ, "ಬೋರ್ಡು ನೋಡಿ ಅಲ್ವಾ ನೀವು ಬಂದದ್ದು?"

ಬೀಗರು ಬಾಗಿಲಲ್ಲಿ ಕಾಯುತ್ತಿದ್ದರು. ದುಡ್ಡು ಎಸೆದು ಬಂದೆ.

ಇಷ್ಟು ಮಾಡಿ. ರೇಟು ಬಾಯಲ್ಲಿ ಹೇಳಿಸಿಕೊಳ್ಳದೆ, ಹಸಿ ತುಂಡು ಕಣ್ಣಲ್ಲಿ ನೋಡದೆ ಮೀನು ಹೇಳಬೇಡಿ. ಜೂನ್, ಜುಲೈನಲ್ಲಿ ಬೋಟಿನ ಮೀನು ಎಂದರೆ ಎದ್ದು ಬನ್ನಿ. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ತೆರಿಗೆ ಹಿಡಿದರೆ 29ರಿಂದ ಶುರುವಾಗುವ ಹದಿನೈದು ಅಕ್ಷರದ ನಂಬರ್ ಬಿಲ್ಲಿನಲ್ಲಿ ಇರಲೇಬೇಕು. ಬಿಲ್ಲು ಮಾತ್ರ ಬಿಸಾಡಬೇಡಿ.

ನಾನು ಬಿಲ್ಲಿನ ಫೋಟೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಆಮೇಲೆ ಹೋಟೆಲಿನಿಂದ ಫೋನು. ಈಗ ದನಿ ಬೆಣ್ಣೆ. "ಸಾರ್, ಒಂದ್ಸಲ ಬಂದು ಊಟ ಮಾಡಿ ಹೋಗಿ, ದುಡ್ಡು ಬೇಡ, ದೂರು ಮಾತ್ರ ವಾಪಸ್ ತಗೊಳ್ಳಿ." ಊಟ ಬೇಡ ಎಂದೆ. ಮೀನಿನ ರೇಟು ಗೋಡೆಯ ಮೇಲೆ ಬರೆಯಿರಿ, ಹಳೇ ಬೋರ್ಡು ಇಳಿಸಿ, ಆಮೇಲೆ ಮಾತಾಡೋಣ ಎಂದೆ. ಫೋನು ಕಟ್ಟಾಯಿತು. ದೂರು ವಾಪಸ್ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ.