ಸಂಖ್ಯೆಯ ಗುಣ ಯಾವುದು, ಬರವಣಿಗೆಯ ಗುಣ ಯಾವುದು: ಒಂದು ಸಂಖ್ಯಾ ವಿಶ್ಲೇಷಣೆ ಸೇವೆಯ ವಿಮರ್ಶೆ

ಯಾವುದೇ ಪೂರ್ಣಾಂಕವನ್ನು ಕೊಟ್ಟರೆ ಅದರ ಅಪವರ್ತನ, ಭಾಜಕಗಳು ಮತ್ತು ವರ್ಗೀಕರಣವನ್ನು ಒಂದೇ ಪುಟದಲ್ಲಿ ತೋರಿಸುವ ಆನ್‌ಲೈನ್ ಸೇವೆಯೊಂದನ್ನು ಕೆಲವು ವಾರಗಳಿಂದ ಬಳಸುತ್ತಿದ್ದೇನೆ. ಪರೀಕ್ಷೆಗೆಂದು ಮೊದಲು ಆರಿಸಿಕೊಂಡದ್ದು ಐದನೆಯ ಪರಿಪೂರ್ಣ ಸಂಖ್ಯೆಯಾದ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾಗಿರುವ ಸಂಖ್ಯೆ) 33550336.

ಉತ್ತರ ಕ್ಷಣದಲ್ಲೇ ಬಂತು. ಈ ಸಂಖ್ಯೆ 2ರ 12ನೆಯ ಘಾತ ಮತ್ತು ಅವಿಭಾಜ್ಯ ಸಂಖ್ಯೆ 8191ರ ಗುಣಲಬ್ಧ, ಭಾಜಕಗಳು 26, ಅವೆಲ್ಲದರ ಮೊತ್ತ 67100672, ಅಂದರೆ ಮೂಲ ಸಂಖ್ಯೆಯ ಸರಿಯಾಗಿ ಎರಡರಷ್ಟು. 1ರಿಂದ 8191ರವರೆಗಿನ ಸಂಖ್ಯೆಗಳ ಮೊತ್ತವಾದ್ದರಿಂದ ಇದು ತ್ರಿಕೋನ ಸಂಖ್ಯೆಯೂ ಹೌದು, ಮೊದಲ 64 ಬೆಸ ಸಂಖ್ಯೆಗಳ ಘನಗಳ ಮೊತ್ತವೂ ಹೌದು ಎಂಬುದನ್ನು ಪುಟ ಬಿಡದೆ ತಿಳಿಸುತ್ತದೆ. ಭಾಜಕಗಳ ಹರಾತ್ಮಕ ಸರಾಸರಿ (ಅವುಗಳ ಎಣಿಕೆಯನ್ನು ಅವುಗಳ ವಿಲೋಮಗಳ ಮೊತ್ತದಿಂದ ಭಾಗಿಸಿದರೆ ಬರುವುದು) 13 ಎಂದೂ ಇದೆ, ಕಾರಣ ಮಾತ್ರ ಇಲ್ಲ. ಪರಿಪೂರ್ಣ ಸಂಖ್ಯೆಯಲ್ಲಿ ಆ ಸರಾಸರಿ ಯಾವಾಗಲೂ ಭಾಜಕಗಳ ಎಣಿಕೆಯ ಅರ್ಧ. 8191 ಎಂಬುದು 2ರ 13ನೆಯ ಘಾತಕ್ಕಿಂತ ಒಂದು ಕಡಿಮೆ ಎಂಬಲ್ಲಿ ಕಾಣುವ 13 ಕೂಡ ಇದೇ. ಇಷ್ಟು ಚೆಂದದ ಸಂಬಂಧಕ್ಕೆ ಒಂದು ಸಾಲಿನ ವಿವರಣೆಯನ್ನಾದರೂ ಕೊಡಬೇಕಿತ್ತು.

ಮುಂದಿನದು ಕಠಿಣವಾದ ಪ್ರಶ್ನೆ. 341550071728321 ಎಂಬ ಸಂಖ್ಯೆಯನ್ನು, ಸಂಖ್ಯೆ ಅವಿಭಾಜ್ಯವೇ ಎಂದು ವೇಗವಾಗಿ ಪರಿಶೀಲಿಸುವ ಮಿಲ್ಲರ್–ರಾಬಿನ್ ಪರೀಕ್ಷೆಗೆ ಒಡ್ಡಿದರೆ 2, 3, 5, 7, 11, 13, 17 ಎಂಬ ಏಳೂ ಆಧಾರಗಳಲ್ಲಿ (ಪರೀಕ್ಷೆಗೆ ಆರಿಸಿಕೊಳ್ಳುವ ಸಂಖ್ಯೆಗಳಲ್ಲಿ) ಅದು ಅವಿಭಾಜ್ಯದಂತೆಯೇ ವರ್ತಿಸುತ್ತದೆ. ವಾಸ್ತವದಲ್ಲಿ ಅದು 10670053 ಮತ್ತು 32010157ರ ಗುಣಲಬ್ಧ. ಅಗ್ಗದ ಪರೀಕ್ಷೆಯನ್ನು ನಂಬಿದ ತಂತ್ರಾಂಶ ಇಲ್ಲಿ ಎಡವುತ್ತದೆ, ಈ ಸೇವೆ ಎಡವಲಿಲ್ಲ. ಅಪವರ್ತನದ ಸವಾಲಾಗಿ ಪ್ರಕಟವಾದ 617 ಅಂಕಿಗಳ ಆರ್‌ಎಸ್‌ಎ-2048 ಸಂಖ್ಯೆಗೆ, ಸಂಯುಕ್ತ ಸಂಖ್ಯೆಯೆಂಬುದು ನಿಶ್ಚಿತ, ಅಪವರ್ತನಗಳು ದೊರೆತಿಲ್ಲ ಎಂದಿತು. ಒಂದೂ ಅಪವರ್ತನ ಸಿಗದೆಯೇ ಸಂಯುಕ್ತತೆಯನ್ನು ಸಾಧಿಸಬಹುದು ಎಂಬ ಸೂಕ್ಷ್ಮವನ್ನು ಹೀಗೆ ಪ್ರಾಮಾಣಿಕವಾಗಿ ಉಳಿಸಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ನನ್ನ ಆಕ್ಷೇಪ ವರ್ಗೀಕರಣದ ಪಟ್ಟಿಯ ಬಗ್ಗೆ. 33550336ರ ಪುಟದಲ್ಲಿ ಪರಿಪೂರ್ಣ, ತ್ರಿಕೋನ ಎಂಬ ಗುಣಗಳ ಸಾಲಿನಲ್ಲೇ ಅಂಕಿಗಳ ಮೊತ್ತ 28 ಎಂಬುದನ್ನೂ ಸೇರಿಸಿ, 28 ಕೂಡ ಪರಿಪೂರ್ಣ ಸಂಖ್ಯೆಯೇ ಎಂದು ವಿಶೇಷವಾಗಿ ಎತ್ತಿ ತೋರಿಸಲಾಗಿದೆ. ಮೊದಲೆರಡು ಗುಣಗಳು ಸಂಖ್ಯೆಯವೇ, ಅದನ್ನು ಹೇಗೆ ಬರೆದರೂ ಬದಲಾಗವು. ಮೂರನೆಯದು ನಾವು ಹತ್ತರ ಆಧಾರದಲ್ಲಿ ಬರೆಯುತ್ತೇವೆ ಎಂಬ ರೂಢಿಗೆ ಸೇರಿದ್ದು. ಎರಡನ್ನೂ ಒಂದೇ ತೂಕದಲ್ಲಿ ಇಟ್ಟರೆ, ಹೊಸದಾಗಿ ಕಲಿಯುವವರು ಕಾಕತಾಳೀಯವನ್ನೇ ಪ್ರಮೇಯವೆಂದು ತಿಳಿಯುವ ಅಪಾಯವಿದೆ. ಅದೇ ಪುಟದ ಕೆಳಭಾಗದಲ್ಲಿ, ಯಾವ ಟಿಪ್ಪಣಿಯೂ ಇಲ್ಲದೆ, ಎಂಟರ ಆಧಾರದ ರೂಪ 177770000 ಎಂದು ಕೊಟ್ಟಿದ್ದಾರೆ. ಅದರ ಅಂಕಿಗಳನ್ನು ಕೂಡಿದರೆ 29 ಬರುತ್ತದೆ.