ಹುಬ್ಬಳ್ಳಿ ಫೋನು, ಹುಬ್ಬಳ್ಳಿ ದಾರಿ: ಟೀಮ್ಸ್ ಲೊಕೇಶನ್ ಬೇಸ್ಡ್ ರೂಟಿಂಗ್ ಬಳಸಿ ಒಂದೂವರೆ ವರ್ಷ

"ಸರ್, ಎರಡ್ ದಿನಾ ಆತ್ರಿ, ನಮ್ಮ ಫೋನ್ ಒಮ್ಮೆನೂ ರಿಂಗ್ ಆಗಿಲ್ರಿ. ಗಿರಾಕಿ ಎಲ್ಲಾ ನನ್ ಮೊಬೈಲಿಗೇ ಮಾಡಾಕತ್ತಾರ."

ಹುಬ್ಬಳ್ಳಿ ಆಫೀಸಿನ ರಿಸೆಪ್ಶನ್ ಮೇಡಂ ಹೀಗೆ ಹೇಳಿದಾಗ ನಾನು ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದೆ. ಸ್ಕ್ರೀನ್ ನೋಡಿದರೆ ಎಲ್ಲವೂ ಹಸಿರು. ಗೇಟ್‌ವೇ (ಟೀಮ್ಸ್ ಅನ್ನು ಟೆಲಿಫೋನ್ ಲೈನಿಗೆ ಜೋಡಿಸುವ ಬಾಕ್ಸ್) ಹಸಿರು, ಪಿಆರ್‌ಐ (ಟೆಲಿಫೋನ್ ಕಂಪನಿಯ ಡಿಜಿಟಲ್ ಲೈನ್) ಹಸಿರು. ಆದರೆ ಅವರ ವಾಯ್ಸ್‌ಮೇಲ್ ಪೆಟ್ಟಿಗೆಯಲ್ಲಿ 41 ಮೆಸೇಜು ಕೂತಿದ್ದವು. ವಾಯ್ಸ್‌ಮೇಲ್ ಅಂತ ಒಂದಿದೆ ಎಂದು ಹುಬ್ಬಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ, ಬಿಡಿ.

ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಇದು ಯಾವುದರ ವಿಮರ್ಶೆ ಅಂತ ಹೇಳಬೇಕಲ್ವಾ. ಮೈಕ್ರೋಸಾಫ್ಟ್ ಟೀಮ್ಸ್ ಅನ್ನು ಆಫೀಸ್ ಫೋನ್ ಥರ ಬಳಸುವವರಿಗೆ ಅದರಲ್ಲಿ ಲೊಕೇಶನ್ ಬೇಸ್ಡ್ ರೂಟಿಂಗ್ ಎಂಬ ಸೌಲಭ್ಯ ಇದೆ. ನಾವು ಕರೆಯುವುದು ಎಲ್‌ಬಿಆರ್ ಅಂತ. ಕರೆ ಮಾಡುವವರು ಆ ಹೊತ್ತಿಗೆ ಯಾವ ಊರಿನ ಆಫೀಸಿನಲ್ಲಿ ಕೂತಿದ್ದಾರೆ ಅಂತ ನೋಡಿ, ಅದೇ ಊರಿನ ಟೆಲಿಫೋನ್ ಲೈನಿನಿಂದ ಕರೆ ಹೊರಗೆ ಕಳಿಸುವುದು ಅದರ ಕೆಲಸ. ನಮ್ಮದು ಪಂಪು, ಮೋಟರು ಮಾರುವ ಕಂಪನಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಚೆನ್ನೈ, ನಾಲ್ಕು ಕಡೆ ಆಫೀಸು. ನಾನು ಇಲ್ಲಿನ ಫೋನ್ ಮನುಷ್ಯ. ಇಪಿಎಬಿಎಕ್ಸ್ (ಆಫೀಸಿನೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಕಾಲದಲ್ಲಿ ಕ್ರೋನ್ ಬಾಕ್ಸಿಗೆ ವೈರ್ ಪಂಚ್ ಮಾಡುತ್ತಾ ಕೆಲಸ ಕಲಿತವನು.

ಇದೆಲ್ಲ ಯಾಕೆ ಬೇಕು? ಬೆಂಗಳೂರಿನಿಂದ ಚೆನ್ನೈನ ಗಿರಾಕಿಗೆ ಫೋನ್ ಮಾಡಬೇಕು ಅಂದುಕೊಳ್ಳಿ. ನಮ್ಮದೇ ಆಫೀಸ್ ನೆಟ್‌ವರ್ಕಿನಲ್ಲಿ ಆ ಕರೆಯನ್ನು ಬಿಟ್ಟಿಯಾಗಿ ಚೆನ್ನೈ ಆಫೀಸಿನ ತನಕ ಒಯ್ದು, ಅಲ್ಲಿನ ಲೈನಿನಿಂದ ಲೋಕಲ್ ಕಾಲ್ ಆಗಿ ಬಿಟ್ಟರೆ ಎಸ್‌ಟಿಡಿ ಖರ್ಚು ಉಳಿಯುತ್ತದೆ. ದೂರದ ಕರೆ ಸಾಗಿಸಲು ಲೈಸೆನ್ಸ್ ಪಡೆದ ಕಂಪನಿಗೆ ನಷ್ಟ. ಇದಕ್ಕೆ ಟೋಲ್ ಬೈಪಾಸ್ ಅಂತ ಹೆಸರು. ನಮ್ಮ ದೇಶದಲ್ಲಿ ಇದಕ್ಕೆ ಅವಕಾಶ ಇಲ್ಲ. 2021ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರುಗಳ ನಿಯಮಗಳನ್ನು ಬಹಳಷ್ಟು ಸಡಿಲ ಮಾಡಿತು. ಆದರೂ ಟೋಲ್ ಬೈಪಾಸ್ ಬೇಡ ಅನ್ನುವ ಮಾತನ್ನು ಬಿಟ್ಟುಕೊಡಲಿಲ್ಲ. ರಾತ್ರಿ ರೇಟು ಇಳಿಯಲಿ ಅಂತ ಎಸ್‌ಟಿಡಿ ಬೂತಿನ ಮುಂದೆ ಕಾದವರಿಗೆ ಈಗಿನ ಅನ್‌ಲಿಮಿಟೆಡ್ ಪ್ಯಾಕ್ ಕಾಲದಲ್ಲಿ ಇದು ತಮಾಷೆ ಅನ್ನಿಸಬಹುದು. ನಮ್ಮ ಲೀಗಲ್‌ನವರಿಗೆ ಮಾತ್ರ ತಮಾಷೆ ಅಲ್ಲ. ಪ್ರತಿ ಊರನ್ನೂ ಬೇರೆ ಸೈಟ್ ಮಾಡಿ, ಆ ಊರಿನ ಲೈನು ಆ ಊರಿಗೇ ಇರಲಿ ಎಂದು ಬರೆದುಕೊಟ್ಟರು. ನಾನು ಸಹಿ ಹಾಕಿದೆ.

ಇದು ಹೊಸ ಐಡಿಯಾ ಏನಲ್ಲ. ಮೈಕ್ರೋಸಾಫ್ಟ್ ಇದನ್ನು 2013ರಲ್ಲೇ, ಟೀಮ್ಸ್‌ಗಿಂತ ಹಿಂದಿನ ಲಿಂಕ್ (Lync) ಸರ್ವರಿಗೆ ತಂದಿತ್ತು. ಸಿಸ್ಕೋ ಕಂಪನಿಯ ಆಫೀಸ್ ಫೋನ್ ಸಿಸ್ಟಂ ಆದ ಕಾಲ್ ಮ್ಯಾನೇಜರಿನಲ್ಲೂ ಇದೇ ಕೆಲಸಕ್ಕೆ ಲಾಜಿಕಲ್ ಪಾರ್ಟಿಶನಿಂಗ್ ಅಂತ ಇದೆ. ಟೀಮ್ಸ್‌ಗೆ ಬರುವ ಮುಂಚೆ ನಾವು ಬಳಸುತ್ತಿದ್ದುದು ಅದನ್ನೇ. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಫೋನು ಮೇಜಿನ ಮೇಲೆ ಕೂತಿರುತ್ತಿತ್ತು, ಯಾವ ಊರಿನದು ಅಂತ ನಾವೇ ಬರೆದಿಡುತ್ತಿದ್ದೆವು. ಇಲ್ಲಿ ಫೋನು ಅಂದರೆ ಲ್ಯಾಪ್‌ಟಾಪ್. ಅದು ಬೆಳಿಗ್ಗೆ ಮೈಸೂರಲ್ಲಿ, ಮಧ್ಯಾಹ್ನ ಬೆಂಗಳೂರಲ್ಲಿ, ಸಂಜೆ ಮಜೆಸ್ಟಿಕ್ಕಿನ ಬಸ್ಸಲ್ಲಿ.

ಹಾಗಾದರೆ ಎಲ್ಲಿದೆ ಅಂತ ಟೀಮ್ಸ್‌ಗೆ ಹೇಗೆ ಗೊತ್ತಾಗುತ್ತದೆ? ಜಿಪಿಎಸ್ ಅಂದುಕೊಂಡವರೇ ಜಾಸ್ತಿ. ಇಲ್ಲ, ಐಪಿ ವಿಳಾಸ. ಮೊದಲು ಗೇಟ್, ಆಮೇಲೆ ರೂಮ್ ನಂಬರ್, ಹೀಗೆ ಎರಡು ಸಲ ನೋಡುತ್ತದೆ. ಗೇಟ್ ಅಂದರೆ ಆಫೀಸಿನ ಹೊರಗಿನ ಪಬ್ಲಿಕ್ ಐಪಿ. ಅದು ನಾವು ಕೊಟ್ಟ ಟ್ರಸ್ಟೆಡ್ ಐಪಿ ಪಟ್ಟಿಯಲ್ಲಿ ಇರಬೇಕು. ಇದ್ದರೆ ಒಳಗಿನ ಐಪಿ ಯಾವ ಸಬ್‌ನೆಟ್‌ನದು, ಅಂದರೆ ಆಫೀಸಿನೊಳಗಿನ ಯಾವ ಐಪಿ ಗುಂಪಿನದು ಅಂತ ನೋಡುತ್ತದೆ. ಸಬ್‌ನೆಟ್ ಸಿಕ್ಕರೆ ಸೈಟ್ ಸಿಕ್ಕಂತೆ. ಆ ಸೈಟಿನಲ್ಲಿ ಎಲ್‌ಬಿಆರ್ ಆನ್ ಇದ್ದರೆ, ಆ ಸೈಟಿಗೆ ಅಂಟಿಸಿದ ರೂಟಿಂಗ್ ಪಾಲಿಸಿಯಿಂದ, ಅದೇ ಸೈಟಿನ ಗೇಟ್‌ವೇಯಿಂದ ಕರೆ ಹೊರಗೆ ಹೋಗುತ್ತದೆ.

ಸೆಟಪ್ ಮಾಡುವಾಗ ನಾಲ್ಕು ಕಡೆ ಕೈ ಹಾಕಬೇಕು. ಬಳಕೆದಾರರ ಕಾಲಿಂಗ್ ಪಾಲಿಸಿಯಲ್ಲಿ "ಪ್ರಿವೆಂಟ್ ಟೋಲ್ ಬೈಪಾಸ್" ಆನ್ ಮಾಡಬೇಕು. ಸೈಟಿನಲ್ಲಿ ಎಲ್‌ಬಿಆರ್ ಆನ್ ಮಾಡಬೇಕು. ಗೇಟ್‌ವೇಯಲ್ಲಿ ಎಲ್‌ಬಿಆರ್ ಆನ್ ಮಾಡಿ, ಅದು ಯಾವ ಸೈಟಿಗೆ ಸೇರಿದ್ದು ಅಂತ ಹೇಳಬೇಕು. ಸೈಟಿಗೆ ರೂಟಿಂಗ್ ಪಾಲಿಸಿ ಅಂಟಿಸಬೇಕು. ಪವರ್‌ಶೆಲ್ (ಕಮಾಂಡ್ ಟೈಪ್ ಮಾಡಿ ಸೆಟ್ಟಿಂಗ್ ಬದಲಿಸುವ ಟೂಲ್) ಬರುವವರಿಗೆ ಒಂದು ಮಧ್ಯಾಹ್ನದ ಕೆಲಸ. ನಾನು ಮೊದಲ ಸಲ ಗೇಟ್‌ವೇಗೆ ಸೈಟ್ ಹೆಸರು ಹಾಕುವುದನ್ನೇ ಮರೆತು ಒಂದು ಶನಿವಾರ ಪೂರ್ತಿ ಹಾಳು ಮಾಡಿಕೊಂಡೆ. ಇನ್ನೊಂದು ಮಾತು: ಬದಲಾವಣೆ ತಕ್ಷಣ ಜಾರಿಗೆ ಬರುವುದಿಲ್ಲ. ಟೀ ಕುಡಿದು ಬಂದು ಟೆಸ್ಟ್ ಮಾಡಬೇಡಿ. ಊಟ ಮುಗಿಸಿ ಬನ್ನಿ.

ಖರ್ಚು ಬೇರೆ ಕಡೆ ಇದೆ. ಪ್ರತಿ ಊರಿಗೂ ಒಂದು ಎಸ್‌ಬಿಸಿ ಬಾಕ್ಸ್, ಅಂದರೆ ಮೇಲೆ ಹೇಳಿದ ಗೇಟ್‌ವೇ, ಇಟ್ಟೆವು. ನಮ್ಮದು ಆಡಿಯೋಕೋಡ್ಸ್ ಮೀಡಿಯಂಟ್ 800. ಬೆಂಗಳೂರು, ಚೆನ್ನೈಗೆ ಸಿಪ್ ಟ್ರಂಕ್ (ಐಪಿ ಮೇಲೆ ಬರುವ ಟೆಲಿಫೋನ್ ಲೈನ್), ಮೈಸೂರು, ಹುಬ್ಬಳ್ಳಿಗೆ 30 ಚಾನೆಲ್ಲಿನ ಪಿಆರ್‌ಐ. ಪ್ರತಿ ಬಾಕ್ಸಿಗೂ ಒಂದು ಪಬ್ಲಿಕ್ ಐಪಿ, ಒಂದು ಡೊಮೇನ್ ಹೆಸರು, ಒಂದು ಸರ್ಟಿಫಿಕೇಟ್. 18 ಜನ ಇರುವ ಹುಬ್ಬಳ್ಳಿಗೆ ಇಷ್ಟೆಲ್ಲ ಬೇಕಾ ಅಂತ ಫೈನಾನ್ಸ್‌ನವರು ಕೇಳಿದರು. ಲೀಗಲ್‌ನವರ ಚೀಟಿ ತೋರಿಸಿದೆ.

ಈಗ ಹುಬ್ಬಳ್ಳಿಯ 41 ಮೆಸೇಜಿಗೆ ಬರೋಣ. ಹಬ್ಬದ ರಜೆಯಲ್ಲಿ ಅಲ್ಲಿನ ಇಂಟರ್ನೆಟ್ ಕೊಡುವವರು ಏನೋ ಅಪ್‌ಗ್ರೇಡ್ ಮಾಡಿ ನಮ್ಮ ಪಬ್ಲಿಕ್ ಐಪಿಯನ್ನೇ ಬದಲಿಸಿದ್ದರು. ಲೈನ್ ಇನ್ನೂ ಫಾಸ್ಟ್ ಆಗಿತ್ತು, ಅಲ್ಲಿ ಎಲ್ಲರಿಗೂ ಖುಷಿ. ಗೇಟ್‌ವೇ ಇದ್ದದ್ದು ಬೇರೆ ಲಿಂಕಿನಲ್ಲಿ, ಅದಕ್ಕೇ ನನ್ನ ಸ್ಕ್ರೀನ್ ಹಸಿರು. ಆದರೆ ಹೊಸ ಐಪಿ ಟ್ರಸ್ಟೆಡ್ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಟೀಮ್ಸ್ ಕಣ್ಣಿಗೆ ಆ 18 ಜನರೂ ಯಾವುದೋ ಗೊತ್ತಿಲ್ಲದ ಜಾಗದಲ್ಲಿ ಇದ್ದಾರೆ. ಗೊತ್ತಿಲ್ಲದ ಜಾಗದಲ್ಲಿ ಇರುವವರಿಗೆ ಎಲ್‌ಬಿಆರ್ ಗೇಟ್‌ವೇಯಿಂದ ಬಂದ ಕರೆಯನ್ನು ಅದು ಕೊಡುವುದಿಲ್ಲ. ಎತ್ತದ ಕರೆಗೆ ಏನು ಸೆಟ್ಟಿಂಗ್ ಇದೆಯೋ ಅಲ್ಲಿಗೆ ಕಳಿಸುತ್ತದೆ, ನಮ್ಮಲ್ಲಿ ಅದು ವಾಯ್ಸ್‌ಮೇಲ್. ಹೊರಗೆ ಹೋಗುವ ಕರೆಯೂ ಬಂದ್. ಆದರೆ ಬೆಂಗಳೂರಿನವರ ಜೊತೆ ಟೀಮ್ಸ್ ಕರೆ, ಮೀಟಿಂಗ್ ಎಲ್ಲ ಸರಿಯಾಗೇ ನಡೆಯುತ್ತಿತ್ತು. ಅದಕ್ಕೇ ಎರಡು ದಿನ ಯಾರಿಗೂ ಅನುಮಾನ ಬರಲಿಲ್ಲ. ಪಟ್ಟಿಯಲ್ಲಿ ಒಂದು ಐಪಿ ಬದಲಿಸಿದೆ, ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಮೇಡಂ ಮಾತ್ರ "ನಿಮ್ ಬೆಂಗಳೂರ್ ಸಿಸ್ಟಂ" ಅಂತ ಇವತ್ತಿಗೂ ಛೇಡಿಸುತ್ತಾರೆ.

ಇದರಲ್ಲಿ ಸೌಲಭ್ಯದ ತಪ್ಪು ಏನಿದೆ? ಏನೂ ಇಲ್ಲ, ಹೇಳಿದ್ದನ್ನೇ ಮಾಡಿತು. ನನಗೆ ಇಷ್ಟವಾಗದೇ ಇರುವುದು ಅದರ ಮೌನ. ಬಳಕೆದಾರರಿಗೆ "ನೀನು ಆಫೀಸ್ ನೆಟ್‌ವರ್ಕಿನಲ್ಲಿ ಇಲ್ಲ ಮಾರಾಯ" ಅಂತ ಒಂದು ಸಾಲು ಎದ್ದು ಕಾಣುವ ಹಾಗಿದ್ದಿದ್ದರೆ ನನ್ನ ಅರ್ಧ ಟಿಕೆಟ್ ಕಡಿಮೆ ಆಗುತ್ತಿದ್ದವು. ದಿನಾ ಬರುವ ಟಿಕೆಟ್ ಒಂದೇ: "ಆಫೀಸಿನಲ್ಲೇ ಕೂತಿದ್ದೀನಿ, ಕಾಲ್ ಹೋಗ್ತಿಲ್ಲ." ಹೋಗಿ ನೋಡಿದರೆ ಮೊಬೈಲಿನಲ್ಲಿ ವೈಫೈ ಆಫ್, 4ಜಿ ಆನ್. ಇಲ್ಲವೇ ಗೆಸ್ಟ್ ವೈಫೈ. ಇಲ್ಲವೇ ಬ್ರೌಸರಿನಲ್ಲಿ ಟೀಮ್ಸ್ ತೆರೆದಿದ್ದಾರೆ. ವೆಬ್ ಆವೃತ್ತಿಯಲ್ಲಿ ಎಲ್‌ಬಿಆರ್‌ಗೆ ಬೆಂಬಲವೇ ಇಲ್ಲ. ವಿಂಡೋಸ್, ಮ್ಯಾಕ್, ಮೊಬೈಲ್ ಆ್ಯಪ್, ಟೀಮ್ಸ್ ಫೋನ್ ಇವುಗಳಿಗೆ ಮಾತ್ರ.

ಚೆನ್ನೈನ ಸೇಲ್ಸ್ ಹುಡುಗನೊಬ್ಬ ಒಂದು ವಾರಕ್ಕೆ ಬೆಂಗಳೂರಿಗೆ ಬಂದಾಗ ನಾನು ಅತಿ ಹೆಚ್ಚು ಕಲಿತೆ. ಬೆಂಗಳೂರಿನ ಗಿರಾಕಿಯ ಎಂಟು ಅಂಕಿಯ ಲ್ಯಾಂಡ್‌ಲೈನ್ ಒತ್ತಿದ. ಕರೆ ಚೆನ್ನೈನಲ್ಲಿ ಯಾರದೋ ಮನೆಗೆ ಹೋಯಿತು. ಕಾರಣ ಸರಳ. ಡಯಲ್ ಪ್ಲಾನ್ (ಒತ್ತಿದ ಅಂಕಿಯನ್ನು ಪೂರ್ತಿ ನಂಬರ್ ಮಾಡುವ ನಿಯಮ) ಜನಕ್ಕೆ ಅಂಟಿಕೊಂಡಿರುತ್ತದೆ, ದಾರಿ ಮಾತ್ರ ಜಾಗಕ್ಕೆ. ಅವನ ಡಯಲ್ ಪ್ಲಾನ್ ಎಂಟು ಅಂಕಿ ಕಂಡ ಕೂಡಲೇ ಮುಂದೆ 044 ಅಂದುಕೊಂಡಿತು, ಎಲ್‌ಬಿಆರ್ ಅದನ್ನು ಸರಿಯಾಗಿ ಬೆಂಗಳೂರು ಟ್ರಂಕಿನಿಂದ ಕಳಿಸಿತು. ಆಗಿನಿಂದ ಎಲ್ಲರಿಗೂ ಒಂದೇ ಪಾಠ: ಎಲ್ಲೇ ಇರಿ, ಲ್ಯಾಂಡ್‌ಲೈನ್‌ಗೆ ಸೊನ್ನೆ ಸೇರಿಸಿ ಊರಿನ ಕೋಡ್ ಒತ್ತಿ. 080, 0821, 0836, 044.

ಮಾರನೇ ದಿನ ಅದೇ ಹುಡುಗನ ಕರೆ ಹೋಗುವುದೇ ನಿಂತಿತು. ಅವನ ನಂಬರು 044ದು, ಹೋಗುತ್ತಿರುವುದು 080 ಟ್ರಂಕಿನಿಂದ. "ಇದು ನಾವು ಕೊಟ್ಟ ನಂಬರಲ್ಲ" ಅಂತ ಟ್ರಂಕಿನವರ ಕಡೆಯಿಂದ 403, ಅಂದರೆ ನಿರಾಕರಣೆ. ಮೊದಲ ದಿನ ಹೇಗೆ ಹೋಗಿತ್ತು ಅಂತ ಕೇಳಬೇಡಿ, ನನಗೂ ಆಶ್ಚರ್ಯ. ಎಸ್‌ಬಿಸಿಯಲ್ಲಿ ಒಂದು ರೂಲ್ ಬರೆದೆ: ನಮ್ಮ 080 ಸಾಲಿನ ನಂಬರ್ ಅಲ್ಲದಿದ್ದರೆ ಪೈಲಟ್ ನಂಬರ್ (ಆ ಊರಿನ ಆಫೀಸಿನ ಮುಖ್ಯ ನಂಬರ್) ತೋರಿಸು. ಎಲ್ಲ ಊರಿನ ಬಾಕ್ಸಿಗೂ ಇದೇ ರೂಲ್ ಹಾಕಿದ್ದೇನೆ. ಓಡಾಡುವ ಜನ ಇರುವ ಕಂಪನಿ ಆದರೆ ಮೊದಲ ದಿನವೇ ಇದನ್ನು ಹಾಕಿಕೊಳ್ಳಿ.

ಅಲ್ಲೇ ಇನ್ನೊಂದು ರೂಲ್ ಇರಲೇಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವ ಕರೆಗೆ ಮುಂದೆ ಸೊನ್ನೆ ಕಡ್ಡಾಯ. ಟೀಮ್ಸ್ ಎಲ್ಲ ನಂಬರನ್ನೂ ಪ್ಲಸ್ 91 ಮಾಡಿ ಕಳಿಸುತ್ತದೆ. ಪಿಆರ್‌ಐ ಕಡೆ ಬಿಡುವಾಗ ಅದನ್ನು ತೆಗೆದು ಸೊನ್ನೆ ಸೇರಿಸಬೇಕು.

ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕಿಗೆ ಸೇರುವ ದಾರಿ) ಬಗ್ಗೆ ಒಂದು ಮಾತು. ಮನೆಯಿಂದ ಕೆಲಸ ಮಾಡುವವರು ಫೋನ್ ಬೇಕು ಅಂತ ಹಠ ಹಿಡಿದಾಗ ನಮ್ಮ ಟೀಮಿನ ಒಬ್ಬರು ಉಪಾಯ ಹೇಳಿದರು. ವಿಪಿಎನ್ ಸಬ್‌ನೆಟ್ಟನ್ನೂ ಬೆಂಗಳೂರು ಸೈಟಿಗೆ ಸೇರಿಸಿಬಿಡೋಣ, ಟ್ರಾಫಿಕ್ ಎಲ್ಲ ಆಫೀಸಿನ ಮೂಲಕವೇ ಹೋಗಲಿ, ಸಿಸ್ಟಂಗೆ ಎಲ್ಲರೂ ಬೆಂಗಳೂರಲ್ಲೇ ಕೂತ ಹಾಗೆ ಕಾಣುತ್ತಾರೆ ಅಂತ. ಕೆಲಸ ಮಾಡುತ್ತದೆ, ನಿಜ. ಆದರೆ ಶಿರಸಿಯಲ್ಲಿ ಅಡಿಕೆ ತೋಟದ ಮನೆಯಲ್ಲಿ ಕೂತವರು ಬೆಂಗಳೂರು ಲೈನಿನಿಂದ ಮಾತಾಡಿದರೆ, ಇಷ್ಟೆಲ್ಲ ಬಾಕ್ಸು, ಸರ್ಟಿಫಿಕೇಟು, ಪಾಲಿಸಿ ಯಾಕೆ ಬೇಕಿತ್ತು? ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ನಾನು ಒಪ್ಪಲಿಲ್ಲ. ನಮ್ಮ ಎಂಡಿ ಸಾಹೇಬರಿಗೂ ಮನೆಯಿಂದ ಆಫೀಸ್ ನಂಬರಿಲ್ಲ. ಅವರಿಗೆ ಕಂಪನಿ ಸಿಮ್ ಕೊಟ್ಟಿದ್ದೇವೆ. ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದರು, ಆಮೇಲೆ ಸರಿಹೋದರು.

ಟ್ರಾನ್ಸ್‌ಫರ್ ವಿಷಯದಲ್ಲೂ ಇದು ಬಿಗಿ. ಬೆಂಗಳೂರಿಗೆ ಬಂದ ಗಿರಾಕಿಯ ಕರೆಯನ್ನು ಹುಬ್ಬಳ್ಳಿಯ ಸರ್ವಿಸ್ ಎಂಜಿನಿಯರಿಗೆ ದಾಟಿಸಲು ಆಗುವುದಿಲ್ಲ. ರಿಸೆಪ್ಶನ್‌ನವರಿಗೆ ಇದನ್ನು ಅರ್ಥ ಮಾಡಿಸಲು ತಿಂಗಳು ಹಿಡಿಯಿತು. ಈಗ ಮೇಜಿನ ಮೇಲೆ ನಾಲ್ಕು ಊರಿನ ನಂಬರ್ ಅಂಟಿಸಿದ್ದಾರೆ. "ದಯವಿಟ್ಟು ಈ ನಂಬರಿಗೆ ಮಾಡಿ ಸರ್" ಅಂತಾರೆ. ಗಿರಾಕಿಗೆ ಕಿರಿಕಿರಿ ಆಗುತ್ತದೆ, ಸುಳ್ಳಲ್ಲ.

ಕೊಡುವ ಅಂಕ ಐದಕ್ಕೆ ಮೂರೂವರೆ. ಕೆಲಸದಲ್ಲಿ ನಾಲ್ಕೂವರೆ ಕೊಡಬಹುದು, ಒಂದು ಸಲವೂ ತಪ್ಪು ಊರಿನ ಗೇಟ್‌ವೇಯಿಂದ ಕರೆ ಹೋದದ್ದು ನನ್ನ ಲಾಗ್‌ನಲ್ಲಿ ಇಲ್ಲ. ಉಳಿದ ಅಂಕ ಆ ಮೌನಕ್ಕೆ ಕತ್ತರಿ. ಒಂದೇ ಊರಿನಲ್ಲಿ ಒಂದೇ ಆಫೀಸ್ ಇರುವವರು, ಕೊಳ್ಳುವ ಮುಂಚೆ ನಿಮ್ಮ ಲೀಗಲ್‌ನವರನ್ನು ಕೇಳಿ. ಮೂರು ನಾಲ್ಕು ಊರು ಇರುವವರು ಧೈರ್ಯವಾಗಿ ಹಾಕಿಕೊಳ್ಳಿ, ಆದರೆ ಸಬ್‌ನೆಟ್ ಪಟ್ಟಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದ ಮೇಲೆ. ನಮ್ಮ ಹುಬ್ಬಳ್ಳಿಯಲ್ಲಿ ಮೇಲಿನ ಮಹಡಿ ಹೊಸದಾಗಿ ಶುರುವಾದಾಗ 10.40.13 ಸಾಲಿನ ಐಪಿ ಕೊಟ್ಟಿದ್ದರು. ನನ್ನ ಪಟ್ಟಿಯಲ್ಲಿ ಇದ್ದದ್ದು 10.40.12.0, ಮಾಸ್ಕ್ 24, ಅಂದರೆ 10.40.12 ಸಾಲು ಮಾತ್ರ. ಕೆಳಗಿನ ಮಹಡಿಯಲ್ಲಿ ಫೋನು, ಮೇಲೆ ಮೌನ. ಆಗಿನಿಂದ ನೆಟ್‌ವರ್ಕಿನವರಿಗೂ ನನಗೂ ಒಂದೇ ಎಕ್ಸೆಲ್ ಶೀಟ್.

ಕಳೆದ ವಾರ ಆ ಶೀಟ್ ತೆರೆದರೆ ಕೆಳಗೆ ಹೊಸ ಸಾಲು. ಮಂಗಳೂರಿನಲ್ಲಿ ಆಫೀಸ್ ತೆರೆಯುವ ಮಾತು ನಡೆಯುತ್ತಿದೆ. ನೆಟ್‌ವರ್ಕ್ ಹುಡುಗ ನಾನು ಕೇಳುವ ಮುಂಚೆಯೇ ಸಬ್‌ನೆಟ್ಟು, ಪಬ್ಲಿಕ್ ಐಪಿ, ಗೆಸ್ಟ್ ವೈಫೈ ಎಲ್ಲ ಬೇರೆ ಬೇರೆ ಬರೆದಿಟ್ಟಿದ್ದಾನೆ. ಸೈಟ್ ಹಾಕಿ ಆಗಿದೆ. 0824 ಟ್ರಂಕ್ ಬರುವುದೊಂದೇ ಬಾಕಿ.